ವಸುಧಾಳ ಅಮ್ಮ ಊರಿಗೆ ಹೋದಳು

ಹೋದ ತಿಂಗಳು ಮುಂಬಯಿ ಹತ್ತಿರದ ಕಲ್ಯಾಣದಲ್ಲಿ ಪರಿಚಯದ ಹುಡುಗಿಯೊಬ್ಬಳ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆ. ಹಾಲಿಗೆ ಕಾಲಿಡುತ್ತಿದ್ದ ಹಾಗೆಯೇ ಕಣ್ಣಿಗೆ ಬಿದ್ದದ್ದು ಟೀವಿ. ಅದಕ್ಕೆ ಹೂಗಳ ಬೆಡ್‌ಶೀಟೊಂದನ್ನು ಮೇಲಿನಿಂದ ಕೆಳಗಿನವರೆಗೆ ಹೊದಿಸಿದ್ದರು. ನಾನು ನೋಡಿದ್ದನ್ನು ನೋಡಿ ಆ ಹುಡುಗಿ ದನಿ ತಗ್ಗಿಸಿ, “ಈ ವರ್ಷ ಮಗನದು ಟೆಂತ್ ಅಲ್ವಾ ಆಂಟಿ” ಅಂದಳು. ಒಳಗೆ ಯಾರೋ ಹುಷಾರಿಲ್ಲದೆ ಮಲಗಿದ್ದಾರೇನೋ ಅನ್ನುವಂಥ ದನಿ ಅದು. ನಾನು ಕುಂಕುಮ ಇಡಿಸಿಕೊಂಡು ಕೂತೆ. ಉಪದೇಶ ಮಾಡಲು ನಾಲಿಗೆ ತುರಿಸುತ್ತಿತ್ತು. ಆದರೆ ಯಾವ ಮುಖದಲ್ಲಿ ಮಾಡಲಿ? ಅದೇ ಬೆಡ್‌ಶೀಟಿನ ಅಕ್ಕ ನೆರೂಳಿನ ನಮ್ಮ ಮನೆಯಲ್ಲೂ ಹಿಂದೊಮ್ಮೆ ಒಂದು ವರ್ಷ ಟೀವಿಯ ಮೇಲೆ ಕೂತಿದ್ದಳು.

ಮುಂಬಯಿ ಕಡೆಯ ಸಂಬಳದ ಮನೆಗಳಲ್ಲಿ ಹತ್ತನೇ ಕ್ಲಾಸು ಅಂದರೆ ಇಡೀ ಮನೆ ಹಿಡಿಯುವ ವ್ರತ. ಜೂನ್‌ನಲ್ಲಿ ಶಾಲೆ ಶುರುವಾಗುತ್ತಿದ್ದ ಹಾಗೆ ಕೇಬಲ್ಲಿನವನನ್ನು ಕರೆಸಿ ವೈರು ತೆಗೆಸುವುದು, ನೆಂಟರಿಗೆ ಫೋನ್ ಮಾಡಿ ಈ ವರ್ಷ ಬರಬೇಡಿ ಎಂದು ನಯವಾಗಿ ಹೇಳುವುದು, ಮದುವೆ ಮುಂಜಿಗೆ ಮನೆಗೊಬ್ಬರಂತೆ ಹೋಗಿಬರುವುದು, ತಾಯಿಯಾದವಳು ರಜೆ ಕೂಡಿಸಿಟ್ಟುಕೊಂಡು ಪರೀಕ್ಷೆಯ ಹೊತ್ತಿಗೆ ಮನೆಯಲ್ಲಿ ಕೂರುವುದು. ಮೈಸೂರಿನಿಂದ ಮದುವೆಯಾಗಿ ಬಂದ ನಾನು ಇದನ್ನೆಲ್ಲ ಇಲ್ಲಿನವರಿಗಿಂತ ಒಂದು ಕೈ ಹೆಚ್ಚೇ ಕಲಿತಿದ್ದೆ. ನನ್ನ ಸ್ವಭಾವವೇ ಹಾಗೆ. ಒಂಬತ್ತು ಗಂಟೆಯ ಲೋಕಲ್ಲಿಗೆ ಎಂಟೂ ನಲವತ್ತಕ್ಕೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿರುವವಳು ನಾನು.

ನಮ್ಮ ಮನೆಯಲ್ಲಿದ್ದದ್ದು ನಾಲ್ಕೇ ಜನ. ಠಾಣೆಯಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಯಜಮಾನರು, ಮುಂಬಯಿಯ ಫೋರ್ಟಿನ ವಿಮಾ ಕಚೇರಿಗೆ ಹೋಗಿಬರುತ್ತಿದ್ದ ನಾನು, ಮಗಳು ಮೇಘನಾ ಮತ್ತು ನಮ್ಮ ಅತ್ತೆ. ಕೇಬಲ್ ತೆಗೆಸಿದ್ದರಿಂದ ನಿಜವಾದ ನಷ್ಟ ಆದದ್ದು ಅತ್ತೆಗೆ. ನಮ್ಮ ಸೆಕ್ಟರಿನ ಕೇಬಲ್ಲಿನವನು ಕನ್ನಡದ ಒಂದು ಚಾನೆಲ್ ಕೊಡುತ್ತಿದ್ದ. ಅದರಲ್ಲಿ ಮೇ ರಜೆಯಲ್ಲಷ್ಟೇ ಒಂದು ಹೊಸ ಧಾರಾವಾಹಿ ಶುರುವಾಗಿತ್ತು, ವಸುಧಾ ಎಂಬ ಹುಡುಗಿಯ ಕತೆ. ಅಜ್ಜಿ ಮೊಮ್ಮಗಳು ಇಬ್ಬರೂ ತಪ್ಪದೆ ನೋಡುತ್ತಿದ್ದರು. ಕೇಬಲ್ಲಿನವನು ವೈರು ಸುತ್ತಿಕೊಂಡು ಹೋದ. ಎರಡು ದಿನ ಬಿಟ್ಟು, ಸಂಜೆ ಆರಕ್ಕೆ ಸರಿಯಾಗಿ, ಮೈಸೂರಿನಿಂದ ಅವರ ತಂಗಿ ಸರೋಜ ಚಿಕ್ಕಮ್ಮನ ಫೋನ್ ಬರತೊಡಗಿತು. ಹಿಂದಿನ ರಾತ್ರಿಯ ಕತೆಯನ್ನು ಅವರು ಹೇಳುವುದು, ಇವರು ಲ್ಯಾಂಡ್‌ಲೈನ್ ಕಿವಿಗೊತ್ತಿಕೊಂಡು “ಅಯ್ಯೋ ಪಾಪ, ಆಮೇಲೆ?” ಅನ್ನುವುದು. ವ್ರತಭಂಗವೆಂದು ಹೇಳುವ ಹಾಗಿರಲಿಲ್ಲ, ಟೀವಿಯಂತೂ ಮುಚ್ಚಿಯೇ ಇತ್ತು.

ಡಿಸೆಂಬರಿನ ಕೊನೆಗೆ, ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕಡೆಯಿಂದ ಬೆಳಿಗ್ಗೆ ತೆಳ್ಳಗೆ ಮಂಜು ಬರುತ್ತಿದ್ದ ದಿನಗಳಲ್ಲಿ, ಮೇಘುವಿನ ಎಡಗಡೆಯ ಹುಬ್ಬು ಅರ್ಧ ಇಲ್ಲದಿರುವುದನ್ನು ಕಂಡೆ. ಡಬ್ಬಿಗೆ ಚಪಾತಿ ತುಂಬುವ ಗಡಿಬಿಡಿಯಲ್ಲಿದ್ದೆ. “ಈಗಲೇ ಪಾರ್ಲರಿನ ಶೋಕಿ ಬೇಕಾಗಿತ್ತಾ? ಅದೂ ಒಂದು ಕಡೆ ಮಾತ್ರ ಮಾಡಿಸಿಕೊಂಡು ಬಂದಿದ್ದೀಯಲ್ಲ” ಎಂದು ಚೆನ್ನಾಗಿ ಬೈದೆ. ಅವಳು ಕೂದಲನ್ನು ಹಣೆಯ ಮೇಲೆ ಎಳೆದುಕೊಂಡು ಶಾಲೆಗೆ ಹೋದಳು. ಆ ಭಾನುವಾರ ಅವಳ ಮೇಜು ಒರೆಸುವಾಗ ಜಾಮೆಟ್ರಿ ಪುಸ್ತಕ ಕೆಳಗೆ ಬಿತ್ತು. ಎತ್ತಿಕೊಂಡರೆ ಹಾಳೆಗಳ ನಡುವೆ ಸಣ್ಣ ಸಣ್ಣ ಕೂದಲು. ಒಂದು ಹಾಳೆಯಲ್ಲಿ ಅಲ್ಲ, ಪ್ರತಿ ಪಾಠದಲ್ಲೂ. ಓದುತ್ತ ಓದುತ್ತ ಬಲಗೈಯಲ್ಲಿ ಪೆನ್ನು ಹಿಡಿದು ಎಡಗೈಯಲ್ಲಿ ತನ್ನ ಹುಬ್ಬನ್ನು ಒಂದೊಂದೇ ಕೂದಲಾಗಿ ಕಿತ್ತುಕೊಂಡಿದ್ದಳು. ನಾನು ಅವಳ ಹಾಸಿಗೆಯ ಮೇಲೆ ಕೂತುಬಿಟ್ಟೆ. ನಾನು ಬೈದದ್ದು ನೆನಪಾಗಿ, ಮರುದಿನವೇ ಅವಳನ್ನು ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ.

ನಮ್ಮ ಸೆಕ್ಟರಿನ ಡಾಕ್ಟರು ವಯಸ್ಸಾದ ಮರಾಠಿ ಹೆಂಗಸು. ಮೇಘುವನ್ನು ಹೊರಗೆ ಕೂರಿಸಿ ನನ್ನೊಡನೆ ಮಾತಾಡಿದರು. ಇದು ಶೋಕಿಯೂ ಅಲ್ಲ, ಹುಚ್ಚೂ ಅಲ್ಲ, ಒಳಗಿನ ಕಳವಳ ಕೈಗೆ ಬಂದಿದೆ ಅಷ್ಟೆ ಎಂದರು. ಬೈಯಬೇಡಿ, ಹುಬ್ಬಿನ ಮೇಲೆ ಕಣ್ಣಿಡಬೇಡಿ, ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ, ಮನೆಯವರ ಜೊತೆ ಸ್ವಲ್ಪ ಹೊತ್ತು ನಗು, ಇವು ಇರಲಿ. ತಿಂಗಳೊಪ್ಪತ್ತು ನೋಡೋಣ, ಆಮೇಲೂ ಹೀಗೇ ಇದ್ದರೆ ಮನಸ್ಸಿನ ಡಾಕ್ಟರಲ್ಲಿಗೆ ಕಳಿಸುತ್ತೇನೆ, ಅದರಲ್ಲಿ ನಾಚಿಕೆಯೇನಿಲ್ಲ ಎಂದರು. ಕೊನೆಗೆ, “ಇವಳು ಖುಷಿಗೆ ಅಂತ ಏನು ಮಾಡ್ತಾಳೆ?” ಎಂದು ಕೇಳಿದರು.

“ಈ ವರ್ಷ ಟೆಂತ್ ಅಲ್ವಾ ಡಾಕ್ಟರ್” ಅಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

ಇಷ್ಟೆಲ್ಲ ಮಾತಿನಲ್ಲಿ ನಾನು ಕೇಳಿಸಿಕೊಂಡದ್ದು ‘ಮನೆಯವರ ಜೊತೆ’ ಎನ್ನುವುದನ್ನು ಮಾತ್ರ. ಮಾರ್ಚಿಗೆಂದು ಕೂಡಿಸಿಟ್ಟಿದ್ದ ರಜೆಯನ್ನೆಲ್ಲ ಜನವರಿ ನಡುವಿನಿಂದಲೇ ಹಾಕಿಬಿಟ್ಟೆ. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಸಾವಂತ್ ಬಾಯಿ ನನ್ನ ಬೆನ್ನು ತಟ್ಟಿ ಒಳ್ಳೆಯ ತಾಯಿ ಅಂದರು. ಶಾಲೆಯಲ್ಲೂ ಹತ್ತನೆಯವರಿಗೆ ಓದಿನ ರಜೆ ಬಿಟ್ಟಾಗಿತ್ತು. ಮೇಘುವಿನ ಮೇಜನ್ನು ಅವಳ ಕೋಣೆಯಿಂದ ಹಾಲಿಗೆ ತಂದು, ಎದುರಿಗೆ ನಾನೊಂದು ಕುರ್ಚಿ ಹಾಕಿಕೊಂಡು ಕೂತೆ. ಮೆಂತ್ಯದ ಸೊಪ್ಪು ಬಿಡಿಸುತ್ತ, ಬಟಾಣಿ ಸುಲಿಯುತ್ತ, ಕಣ್ಣೆಲ್ಲ ಅವಳ ಎಡಗೈಯ ಮೇಲೆ. ಕೈ ಮೇಲೇಳುವುದೇ ತಡ, “ಕೈ” ಅನ್ನುತ್ತಿದ್ದೆ. ಬೈಯಬಾರದು ಎಂದಿದ್ದರಲ್ಲ, ಬೈಯುತ್ತಿರಲಿಲ್ಲ, ಮೆಲ್ಲಗೆ ‘ಕೈ’ ಅಂತಷ್ಟೇ. ದಿನಕ್ಕೆ ಎಷ್ಟು ಸಲ ಅಂದೆನೋ ಲೆಕ್ಕವಿಲ್ಲ. ವಾರ ಕಳೆಯುವುದರೊಳಗೆ ಬಲಗಡೆಯ ಹುಬ್ಬೂ ತೆಳ್ಳಗಾಗತೊಡಗಿತು. ಅವಳು ಬಾತ್‌ರೂಮಿನಲ್ಲಿ ಹೆಚ್ಚು ಹೊತ್ತು ಇರುತ್ತಿದ್ದಳು, ನಾನು ಬಾಗಿಲ ಹೊರಗೆ ನಿಂತು ಕಾಯುತ್ತಿದ್ದೆ.

ಅತ್ತೆ ಇದನ್ನೆಲ್ಲ ದಿವಾನಿನ ಮೇಲೆ ಕಾಲು ನೀಡಿಕೊಂಡು ನೋಡುತ್ತಿದ್ದರು. ಒಂದು ಸಂಜೆ ದೇವರಿಗೆ ದೀಪ ಹಚ್ಚಿ ಬಂದವರು ಒಂದು ಮೊರದ ತುಂಬ ಹತ್ತಿ ಇಟ್ಟುಕೊಂಡು ಕೆಳಗೆ ಕೂತರು. “ಮೇಘೂ, ಬಾರೇ ಇಲ್ಲಿ. ಶಿವರಾತ್ರಿಗೆ ಲಕ್ಷಬತ್ತಿ ಹಚ್ಚಿಸ್ತೀನಿ ಅಂತ ಹೇಳ್ಕೊಂಡಿದೀನಿ. ನನ್ನ ಕೈಲಿ ಒಬ್ಬಳಿಂದಾಗಲ್ಲ. ಸ್ವಲ್ಪ ಹೂಬತ್ತಿ ಮಾಡ್ಕೊಡು.”

ಆ ಹರಕೆಯ ಸುದ್ದಿಯನ್ನು ನಾನು ಕೇಳಿದ್ದು ಅದೇ ಮೊದಲು. “ಅತ್ತೆ, ಅವಳಿಗೆ ಸೈನ್ಸ್ ರಿವಿಶನ್ ಇದೆ” ಅಂದೆ.

“ಅರ್ಧ ಗಂಟೆ ಕಣೇ ಸುಮಾ. ಅಷ್ಟರಲ್ಲಿ ಸೈನ್ಸು ಎಲ್ಲೂ ಓಡಿಹೋಗಲ್ಲ. ನೀನು ಹೋಗಿ ಚಪಾತಿ ಮಾಡು.”

ಹೂಬತ್ತಿ ಮಾಡುವುದು ಎರಡೂ ಕೈಯ ಕೆಲಸ. ಹತ್ತಿಯನ್ನು ಎಳೆದೆಳೆದು ಬಿಡಿಸಬೇಕು, ಬೀಜದ ಚೂರು ಕಂಡರೆ ಕಿತ್ತು ತೆಗೆಯಬೇಕು, ಒಂದೆರಡು ಎಳೆಯನ್ನು ಬೆರಳ ಮೇಲೆ ದುಂಡಗೆ ಹರಡಿ ನಡುವೆ ಹಿಡಿದು, ಹಾಲು ಮುಟ್ಟಿಸಿ ತುದಿ ಹೊಸೆಯಬೇಕು. ಮೇಘು ಮೊದಮೊದಲು ಮಾಡಿದವು ಬತ್ತಿಯ ಹಾಗೇ ಇರಲಿಲ್ಲ. ಅತ್ತೆ ಎಲ್ಲವನ್ನೂ ಡಬ್ಬಿಗೆ ಹಾಕಿಕೊಳ್ಳುತ್ತಿದ್ದರು, ದೇವರು ಅಷ್ಟೆಲ್ಲ ನೋಡುವುದಿಲ್ಲ ಎನ್ನುತ್ತ. ಮತ್ತು ಕೈ ಕೆಲಸ ಮಾಡುತ್ತಿರುವಾಗ ಬಾಯಿ ಸುಮ್ಮನಿರಬಾರದೆಂದು ಚಿಕ್ಕಮ್ಮ ಫೋನಿನಲ್ಲಿ ಹೇಳಿದ ಕತೆಯನ್ನು ಹೇಳುತ್ತಿದ್ದರು. ವಸುಧಾಳ ನಾದಿನಿ ಬೀಗದ ಕೈ ಬಚ್ಚಿಟ್ಟದ್ದು, ವಸುಧಾ ಮಾಡಿದ ಪಾಯಸಕ್ಕೆ ಯಾರೋ ಉಪ್ಪು ಸುರಿದದ್ದು, ಹೀಗೆ.

ಮೇಘು ಇಲ್ಲೇ ಹುಟ್ಟಿದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹೆಚ್ಚಾಗಿ ಹಿಂದಿಯಲ್ಲಿ. “ಅಜ್ಜೀ, ವೋ ಕುಛ್ ಬೋಲ್ತೀ ಕ್ಯೂಂ ನಹೀಂ? ಇತನಾ ಕ್ಯಾ ಡರನೇ ಕಾ?” ಎಂದು, ಅಷ್ಟು ಹೆದರಿಕೊಂಡು ಬಾಯಿ ಮುಚ್ಚಿ ಕೂರುವ ವಸುಧಾಳ ಮೇಲೆ ರೇಗುತ್ತಿದ್ದಳು.

“ಮಾತಾಡೋದು ಸುಲಭಾನೇನೇ? ಎಷ್ಟೋ ಜನಕ್ಕೆ ಬಾಯೇ ಬರಲ್ಲ” ಎಂದು ಅತ್ತೆ ವಸುಧಾಳ ಪರ ವಹಿಸುತ್ತಿದ್ದರು.

ಅಡಿಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತ ನನಗೆ ಎಲ್ಲ ಕೇಳಿಸುತ್ತಿತ್ತು. ತಿಂಗಳುಗಳ ಮೇಲೆ ಮೊದಲ ಸಲ ಅವಳು ಜೋರಾಗಿ ನಕ್ಕದ್ದೂ ಕೇಳಿಸಿತು, ಆ ಉಪ್ಪಿನ ಪಾಯಸದ ದಿನ. ನಿಜ ಹೇಳಬೇಕೆಂದರೆ ನನಗೆ ಸಂತೋಷದ ಜೊತೆ ಹೊಟ್ಟೆಯೂ ಉರಿಯಿತು. ರಜೆ ಹಾಕಿ ಇಡೀ ದಿನ ಎದುರಿಗೆ ಕೂತವಳು ನಾನು, ನಗು ಸಿಕ್ಕಿದ್ದು ಅತ್ತೆಗೆ. ಆ ಅರ್ಧ ಗಂಟೆ ಮುಕ್ಕಾಲಾಯಿತು, ಒಂದಾಯಿತು. ನಾನು ಗಡಿಯಾರ ನೋಡಿ ನೋಡಿ ಸುಮ್ಮನಾಗುತ್ತಿದ್ದೆ.

ಫೆಬ್ರವರಿ ಬಂತು. ಚಳಿ ಹೋಗಿ ಫ್ಯಾನಿನ ವೇಗ ಒಂದು ಹೆಚ್ಚಿತು, ನಮ್ಮ ಹೌಸಿಂಗ್ ಸೊಸೈಟಿಯ ಕಾಂಪೌಂಡಿನ ಮಾವಿನ ಮರ ಹೂ ಬಿಟ್ಟಿತು. ಕತೆಯಲ್ಲೂ ಹೊಸ ತಿರುವು ಬಂದಿತ್ತು. ವಸುಧಾಳಿಗೆ ಮೈ ಸರಿಯಿಲ್ಲವೆಂದು ಅವಳ ತವರಿನಿಂದ ಅಮ್ಮ ಬಂದು ಉಳಿದಿದ್ದಳು. ತುಂಬ ಪ್ರೀತಿಯ ಅಮ್ಮ. ಬೆಳಗಿನಿಂದ ಸಂಜೆಯವರೆಗೆ ಮಗಳ ಮಂಚದ ಪಕ್ಕವೇ ಕೂತು, ಮಗ್ಗುಲಾದರೆ ಯಾಕೆ ಮಗ್ಗುಲಾದೆ, ಎದ್ದರೆ ಯಾಕೆ ಎದ್ದೆ ಎಂದು ಕೇಳುವವಳು. ನಾಲ್ಕೈದು ದಿನ ಕತೆ ಅಲ್ಲೇ ನಿಂತಿತ್ತು. ಒಂದು ಸಂಜೆ ಅತ್ತೆ, “ಈಗ ನೀನೇ ಹೇಳು. ಏನು ಮಾಡಬೇಕು ವಸುಧಾ?” ಎಂದು ಕೇಳಿದರು.

ಮೇಘು ಸಣ್ಣ ದನಿಯಲ್ಲಿ ಹೇಳಿದಳು. “ಮಮ್ಮೀ ಕೋ ಬೋಲನೇ ಕಾ ಕಿ ತೂ ಅಬ್ ಜಾ. ಪ್ಯಾರ್ ಸೇ ಬೋಲನೇ ಕಾ.”

“ಇನ್ನು ನೀನು ಹೋಗಮ್ಮ ಅಂತ ಪ್ರೀತಿಯಿಂದ ಹೇಳ್ತಾಳಾ ಹಾಗಾದ್ರೆ?”

“ನಹೀಂ ಬೋಲ್ ಸಕತೀ. ಮಮ್ಮೀ ರೋ ದೇಗೀ.”

“ಅಮ್ಮ ಅತ್ತುಬಿಡ್ತಾಳೆ ಅಂತ ಭಯಾನಾ?”

“ಹಾಂ. ವೋ ಇತನಾ ಕರತೀ ಹೈ ನಾ ಉಸ್ಕೇ ಲಿಯೇ.” ಮಗಳಿಗೋಸ್ಕರ ಅಷ್ಟೆಲ್ಲ ಮಾಡುತ್ತಾಳಲ್ಲ ಆ ಅಮ್ಮ, ಅಂತ.

ತವೆಯ ಮೇಲಿನ ಚಪಾತಿ ಕರಕಲಾಗುತ್ತಿತ್ತು. ನಾನು ಗ್ಯಾಸ್ ಆರಿಸಿ, ಲಟ್ಟಣಿಗೆ ಹಿಡಿದುಕೊಂಡೇ ನಿಂತುಬಿಟ್ಟೆ. ನನ್ನ ಬಗ್ಗೆ ಆಡಿದ ಮಾತಲ್ಲ, ಧಾರಾವಾಹಿಯ ಮಾತು ಎಂದುಕೊಂಡೆ. ಆದರೂ ಆ ಅಮ್ಮ ನನಗೆ ಸೇರಲಿಲ್ಲ. ಮರುದಿನ ಅತ್ತೆ ಸ್ನಾನಕ್ಕೆ ಹೋದ ಹೊತ್ತಿಗೆ ಮೈಸೂರಿಗೆ ನಾನೇ ಫೋನ್ ಮಾಡಿದೆ. “ಚಿಕ್ಕಮ್ಮ, ಆ ವಸುಧಾಳ ಅಮ್ಮ ಇನ್ನೂ ಎಷ್ಟು ದಿನ ಇರ್ತಾಳೆ? ಊರಿಗೆ ಹೋಗಲ್ವಾ ಅವಳು?”

“ಯಾವ ವಸುಧಾನೇ?” ಅಂದರು ಚಿಕ್ಕಮ್ಮ. “ಅದು ಸಂಕ್ರಾಂತಿಗೇ ಮುಗೀತಲ್ಲ. ಜನ ನೋಡ್ತಿಲ್ಲ ಅಂತ ನಿಲ್ಲಿಸಿಬಿಟ್ರು. ನಿಮ್ಮತ್ತೆಗೆ ಆವತ್ತೇ ಹೇಳಿದ್ನಲ್ಲ.”

“ಮತ್ತೆ ಅವಳಮ್ಮ?”

“ಅವಳಿಗೆಲ್ಲಿ ಅಮ್ಮ? ಶುರುವಾದ ಎರಡನೇ ದಿನವೇ ಸತ್ತೋದ್ಲು. ಅದೇ ಅಲ್ವಾ ಕತೆ, ತಾಯಿಯಿಲ್ಲದ ಹುಡುಗಿ.”

“ಹಾಗಾದ್ರೆ ದಿನಾ ಆರು ಗಂಟೆಗೆ ನೀವಿಬ್ರೂ ಏನು ಮಾತಾಡ್ತೀರಿ?”

“ಏನೋ ಒಂದು. ಇವತ್ತು ಏನು ಸಾರು ಅಂತ.”

ಫೋನ್ ಇಟ್ಟ ಮೇಲೆ ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ದಿನವೂ ನಮ್ಮತ್ತೆ ಕತೆಯನ್ನು ತಾವೇ ಹೊಸೆಯುತ್ತಿದ್ದರು, ಮತ್ತು ಸತ್ತವಳನ್ನು ಎಬ್ಬಿಸಿ ತಂದು ಮಂಚದ ಪಕ್ಕ ಕೂರಿಸಿದ್ದು ನನಗೋಸ್ಕರ. ಆ ದಿನ ಪಾತ್ರೆಗಳನ್ನೆಲ್ಲ ಸದ್ದು ಮಾಡಿಯೇ ಇಟ್ಟೆ. ನನ್ನೆದುರಿಗೆ ಹೇಳಬಹುದಾಗಿತ್ತಲ್ಲ ಎಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು, ಹೇಳಿದ್ದರೆ ನಾನು ಕೇಳುತ್ತಿರಲಿಲ್ಲ. ಡಾಕ್ಟರು ಹೇಳಿದ್ದನ್ನೇ ಕೇಳಿರಲಿಲ್ಲ. ಎದುರಿಗೆ ಮೇಘು ಕೂತಿದ್ದಳು, ಬಾಗಿದ ತಲೆ, ಏರಿ ಕಿವಿಯ ಹತ್ತಿರ ಬಂದ ಭುಜ. ಅವಳ ಕೈ ಮೇಲೆದ್ದಿತು. ನನ್ನ ಬಾಯಿ ತೆರೆಯಿತು, ಮುಚ್ಚಿದೆ. ಅವಳು ಒಂದು ಕ್ಷಣ ನನ್ನತ್ತ ನೋಡಿ, ಕೈಯನ್ನು ತಾನೇ ಇಳಿಸಿದಳು. ಅವಳು ಪರೀಕ್ಷೆಗಿಂತ ಹೆಚ್ಚಾಗಿ ನನ್ನನ್ನು ಹೊತ್ತುಕೊಂಡು ಕೂತಿದ್ದಾಳೆ ಎನ್ನುವುದು ಆಗ ನನಗೆ ಕಂಡಿತು. ಮಗುವಿನ ಕಳವಳ ಎಂದು ಡಾಕ್ಟರು ಹೇಳಿದ್ದರಲ್ಲ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನದೇ ಇತ್ತು.

ಮರುದಿನ ಬೆಳಿಗ್ಗೆ ಸೀರೆ ಉಟ್ಟುಕೊಂಡು ಹೊರಗೆ ಬಂದೆ. ನಿಜ ಹೇಳುವಷ್ಟು ಧೈರ್ಯ ಆಗಿನ್ನೂ ಇರಲಿಲ್ಲ. “ಆಫೀಸಲ್ಲಿ ವರ್ಷದ ಕೊನೆಯ ಕೆಲಸ, ಕರೀತಿದಾರೆ. ಉಳಿದ ರಜಾ ವಾಪಸ್ ತಗೊಳ್ತೀನಿ” ಎಂದು ಸುಳ್ಳು ಹೇಳಿದೆ.

“ಪಕ್ಕಾ?” ಅಂದಳು ಮೇಘು.

“ಪಕ್ಕಾ. ನಿನ್ನ ಮೇಜು ಬೇಕಿದ್ರೆ ರೂಮಿಗೆ ಹಾಕ್ಕೋ.”

ಅವಳ ಭುಜ ಎರಡು ಬೆರಳಿನಷ್ಟು ಕೆಳಗಿಳಿದದ್ದನ್ನು ಕಣ್ಣಾರೆ ಕಂಡೆ. ಅತ್ತೆ ಕಾಫಿ ಲೋಟದಿಂದ ಮುಖ ಎತ್ತಲಿಲ್ಲ. “ಡಬ್ಬಿಗೆ ಉಪ್ಪಿನಕಾಯಿ ಹಾಕ್ಕೊಂಡ್ಯಾ?” ಎಂದು ಮಾತ್ರ ಕೇಳಿದರು. ಆ ಸಂಜೆ ನಾನು ಮನೆಗೆ ಬರುವ ಹೊತ್ತಿಗೆ ಅತ್ತೆಯ ಕತೆಯಲ್ಲಿ ವಸುಧಾಳ ಅಮ್ಮ ಬಸ್ಸು ಹತ್ತಿ ತನ್ನ ಊರಿಗೆ ಹೋಗಿಯಾಗಿತ್ತು.

ಆ ಮೊದಲ ದಿನ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಕಿಟಕಿಯ ಸೀಟು ಸಿಕ್ಕಿತು. ವಾಶಿಯ ಸೇತುವೆಯ ಮೇಲೆ ರೈಲು ಹೋಗುವಾಗ ಖಾಡಿಯ ಗಾಳಿ ಮುಖಕ್ಕೆ ಬಡಿಯಿತು, ಉಪ್ಪು ಕೆಸರಿನ ವಾಸನೆಯ ಗಾಳಿ. ಒಂದು ತಿಂಗಳಿನಿಂದ ನಾನೂ ಉಸಿರು ಹಿಡಿದಿದ್ದೆನೆಂದು ಗೊತ್ತಾದದ್ದು ಅಲ್ಲಿ. ಸಾವಂತ್ ಬಾಯಿ ನನ್ನನ್ನು ಕಂಡು ದಂಗಾದರು. “ಅರೇ, ದಹಾವೀಚೀ ಪರೀಕ್ಷಾ ಆಣಿ ತೂ ಇಥೇ?” ಎಂದು, ಮಗಳ ಹತ್ತನೆಯ ಪರೀಕ್ಷೆ ಇಟ್ಟುಕೊಂಡು ನೀನಿಲ್ಲಿ ಯಾಕೆ ಅಂತ, ಇಡೀ ಸೆಕ್ಷನ್ನಿಗೆ ಕೇಳುವ ಹಾಗೆ ಅಂದರು. ಒಳ್ಳೆಯ ತಾಯಿ ಎಂಬ ಬಿರುದು ಅಲ್ಲಿಗೆ ಹೋಯಿತು. ಆವತ್ತು ನಾಲ್ಕು ಸಲ ಮನೆಗೆ ಫೋನ್ ಮಾಡಿದೆ. ನಾಲ್ಕನೆಯ ಸಲ ಅತ್ತೆ, “ನಾವು ಚೆನ್ನಾಗಿದೀವಿ. ನೀನು ಊಟ ಮಾಡು” ಎಂದು ಇಟ್ಟುಬಿಟ್ಟರು. ಮರುದಿನ ಎರಡು ಸಲ ಮಾಡಿದೆ, ಆಮೇಲೆ ಬಿಟ್ಟೆ.

ಎಷ್ಟು ಮಾರ್ಕ್ಸ್ ಬಂತು ಎಂದು ಕೇಳದೆ ಈ ಕತೆಯನ್ನು ಯಾರೂ ಬಿಡುವುದಿಲ್ಲ. ಅವಳಿಗೆ ಬೇಕಾದ ಕಾಲೇಜಿಗೆ ಸಾಕಾಗುವಷ್ಟು ಬಂತು. ಹುಬ್ಬು ಪರೀಕ್ಷೆಯ ಹೊತ್ತಿಗೆ ಪೂರ್ತಿ ಬಂದಿರಲಿಲ್ಲ, ಮಳೆಗಾಲ ಶುರುವಾಗುವಾಗ ಬಂದಿತ್ತು. ಹನ್ನೆರಡನೆಯ ಕ್ಲಾಸಿನಲ್ಲಿ ಮತ್ತೆ ಒಂದಿಷ್ಟು ಹೋಯಿತು. ಆಗ ಅವಳೇ ನನ್ನ ಹತ್ತಿರ ಬಂದು, ಮನಸ್ಸಿನ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋಗು ಎಂದಳು. ಹೋದೆವು. ಅವಳು ಒಳಗೆ ಮಾತಾಡುವಾಗ ನಾನು ಹೊರಗೆ ಬೆಂಚಿನ ಮೇಲೆ ಪೇಪರ್ ಓದುತ್ತಿದ್ದೆ. ಈಗ ಮೇಘು ಹತ್ತಿರದ ಐರೋಲಿಯಲ್ಲಿ ತನ್ನದೇ ಸಂಸಾರದಲ್ಲಿದ್ದಾಳೆ. ಲಕ್ಷಬತ್ತಿಯ ಹರಕೆ ತೀರಿತೇ ಎಂದರೆ, ಇಲ್ಲ. ಶಿವರಾತ್ರಿಗೆ ಡಬ್ಬಿಯಲ್ಲಿದ್ದಷ್ಟನ್ನು ಸೆಕ್ಟರಿನ ದೇವಸ್ಥಾನಕ್ಕೆ ಕೊಟ್ಟು ಬಂದೆವು.

ಆದರೆ ಆ ವರ್ಷ ಅಂದರೆ ನನ್ನ ಮನಸ್ಸಿಗೆ ಬರುವುದು ಬೇರೊಂದು ಸಂಜೆ, ಪರೀಕ್ಷೆಗೆ ಒಂದು ವಾರ ಇದ್ದಾಗಿನದು. ಆಫೀಸಿನಿಂದ ಬಂದು ಕೈಕಾಲು ತೊಳೆದು ನಾನೂ ಮೊರದ ಪಕ್ಕ ಕೂತೆ. ಒಂದು ಚೂರು ಹತ್ತಿ ತೆಗೆದುಕೊಂಡು, “ವಸುಧಾಳ ಅಮ್ಮ ಹೇಗಿದ್ದಾಳೆ?” ಎಂದು ಕೇಳಿದೆ.

“ಮಜೇ ಮೇಂ ಹೈ. ಊರಲ್ಲಿ ಜಾಬ್ ಕರತೀ ಹೈ” ಅಂದಳು ಮೇಘು, ತಲೆ ಎತ್ತದೆ.

“ಸರೋಜ ಚಿಕ್ಕಮ್ಮ ಹೇಳಿದ್ರು, ಅವಳು ಎರಡನೇ ದಿನವೇ ತೀರಿಕೊಂಡಳಂತಲ್ಲ” ಅಂದೆ.

ಅತ್ತೆಯ ಕೈಯಲ್ಲಿದ್ದ ಬತ್ತಿ ಅಲ್ಲೇ ನಿಂತಿತು. ಮೇಘು ಮಾತ್ರ ಹೊಸೆಯುತ್ತಲೇ ಇದ್ದಳು. “ಪತಾ ಹೈ. ಮೈನೇ ಭೀ ತೋ ದೇಖಾ ಥಾ, ಮೇ ರಜಾ ಮೇಂ. ಫೋಟೋ ಕೋ ಹಾರ ಹಾಕಿದ್ರು.”

“ಅಯ್ಯೋ ನಿನ್ನ, ಮರೆತಿದ್ದೀಯ ಅಂದ್ಕೊಂಡಿದ್ದೆ. ಗೊತ್ತಿದ್ದೂ ಇಷ್ಟು ದಿನ ಊಂ ಅಂತಿದ್ಯಾ?” ಎಂದರು ಅತ್ತೆ.

“ತೂ ಇತನಾ ಮನ್ ಸೇ ಬತಾ ರಹೀ ಥೀ, ಅಜ್ಜೀ.” ಅಷ್ಟು ಮನಸ್ಸಿಟ್ಟು ಹೇಳುತ್ತಿದ್ದ ಅಜ್ಜಿಯನ್ನು ತಡೆಯಲು ಅವಳಿಗೆ ಮನಸ್ಸಾಗಿರಲಿಲ್ಲ.

ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. “ಹಾಗಾದ್ರೆ ಆವತ್ತು ನೀನು ಹೇಳಿದ್ದು, ಅಮ್ಮನಿಗೆ ಜಾ ಅನ್ನಬೇಕು ಅಂತ, ಅದು ಯಾರಿಗೆ?”

“ತೂ ಕಿಚನ್ ಮೇಂ ಥೀ ನಾ ಮಮ್ಮೀ” ಅಂದಳು. “ಗ್ಯಾಸ್ ಬಂದ್ ಕಿಯಾ ತೂನೇ. ಮುಝೇ ಸುನಾಯೀ ದಿಯಾ.”

ಅಡಿಗೆಮನೆಯಲ್ಲಿದ್ದ ನನಗೆ ಕೇಳಲಿ ಅಂತಲೇ ಹೇಳಿದ್ದಳು, ನಾನು ಗ್ಯಾಸ್ ಆರಿಸಿದ ಸದ್ದು ಅವಳಿಗೂ ಕೇಳಿಸಿತ್ತು. ನಾನು ಅತ್ತುಬಿಟ್ಟೆ. ಅವಳು ಅಷ್ಟು ಹೆದರಿದ್ದ ಅಳುವೇ ಅದು, ಬಂದೇ ಬಂತು, ಮತ್ತು ಅದರಿಂದ ಯಾರಿಗೂ ಏನೂ ಆಗಲಿಲ್ಲ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಮೊರದಿಂದ ಇನ್ನಷ್ಟು ಹತ್ತಿ ತೆಗೆದು ನನ್ನ ಮಡಿಲಿಗೆ ಹಾಕಿ, ತನ್ನ ಕೈಯಲ್ಲಿದ್ದ ಬತ್ತಿಯ ತುದಿಯನ್ನು ಮತ್ತೆ ಹೊಸೆಯತೊಡಗಿದಳು.